ಕಾಲುಸೇತುವೆಯ ಕೆಳಗಿನ ಜೀಪು

ಮಳಖೇಡದ ರಸ್ತೆಯಲ್ಲಿ ತನ್ನ ಜೀಪು ಸೈಕಲ್ ಸವಾರನೊಬ್ಬನಿಗೆ ಗುದ್ದಿ ಓಡಿಹೋಗಿದೆ ಎಂದು ಪೊಲೀಸರು ಹೇಳಿದಾಗ ದಂಡೋತಿಯ ಪೀರಮ್ಮನಿಗೆ ಮೊದಲು ಬಂದದ್ದು ನಗು. ಆ ಜೀಪನ್ನು ಬಿಚ್ಚಿ ಹಾಕಿ ಎಷ್ಟೋ ಮಳೆಗಾಲ ಕಳೆದಿದ್ದವು. ಆದರೆ ಸವಾರನ ಕಾಲು ಮುರಿದಿದೆ ಎಂದು ಕೇಳಿದೊಡನೆ ನಗು ನಿಂತಿತು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಶಿವಗಂಗಾ ಕಂಪ್ಯೂಟರಿನ ಪರದೆಯನ್ನು ಇವಳ ಕಡೆ ತಿರುಗಿಸಿದಳು.

"ಮಂದಿ ನೋಡಿದ ನಂಬರ್ ಇದೇ ನೋಡ್ರಿ. ಆರ್‌ಟಿಓದಾಗ ಮಾಲಕರು ಅಂತ ನಿಮ್ಮ ಹೆಸರೇ ಅದ. ಗಾಡಿ ಎಲ್ಲಿಟ್ಟೀರಿ?"

"ನಮ್ಮ ಓಣಿ ಹಳ್ಳದ ಮ್ಯಾಲ ಅದರಿ. ಮಂದಿ ಅದರ ಮ್ಯಾಲೇ ತಿರುಗಾಡಾಕತ್ತಾರ."

ಶಿವಗಂಗಾ ಪೆನ್ನು ಕೆಳಗಿಟ್ಟಳು. "ಜರಾ ಬಿಡಿಸಿ ಹೇಳ್ರಿ."

ಪೀರಮ್ಮ ಹೇಳಿದಳು. ಜೀಪು ಅವಳ ಗಂಡ ಮಾಣಿಕಪ್ಪನದು. ಚಿತ್ತಾಪುರ, ವಾಡಿ ಎಂದು ಮಂದಿಯನ್ನು ಹೇರಿಕೊಂಡು ತಿರುಗುತ್ತಿದ್ದವನು ಕಾಮಾಲೆಯಲ್ಲಿ ತೀರಿಕೊಂಡ. ಮಾರಿಬಿಡು ಎಂದವರೇ ಎಲ್ಲ. ಅವಳು ಮಾತ್ರ ಶಹಾಬಾದಿನ ಹಾಜಿಮಲಂಗನ ಮನೆ ಹುಡುಕಿಕೊಂಡು ಹೋದಳು. ಅವನು ಗಂಡನ ಗೆಳೆಯ, ಲಾರಿ ಡ್ರೈವರ್. ಕೊಯ್ಲು ಮುಗಿದ ಜೋಳದ ಹೊಲದಲ್ಲಿ ಅವಳಿಗೆ ಸ್ಟೇರಿಂಗು ಕಲಿಸಿದ. ಗಾಡಿಯನ್ನು ಹೆಸರಿಗೆ ಮಾಡಿಸಿಕೊಂಡು ಅವಳು ರಸ್ತೆಗಿಳಿದಳು. ಮೊದಮೊದಲು ಹೆಣ್ಣು ಓಡಿಸುವ ಗಾಡಿ ಎಂದು ಹತ್ತಲು ಹೆದರಿದವರೇ, ಆಮೇಲೆ ವಾಡಿಯಲ್ಲಿ ರೈಲು ತಪ್ಪಬಾರದೆಂದರೆ ಪೀರಮ್ಮನ ಜೀಪೇ ಬೇಕು ಎಂದರು.

ಕೊನೆಗೆ ಅವಳ ಮೊಣಕಾಲು, ಜೀಪಿನ ತಗಡು ಎರಡೂ ಒಟ್ಟಿಗೇ ಸೋತವು. ಗಟ್ಟಿಯಾಗಿ ಉಳಿದದ್ದು ಇಂಜಿನ್ನು ಮತ್ತು ಚಾಸಿ, ಅಂದರೆ ಗಾಡಿಯ ಅಡಿಯಲ್ಲಿರುವ ಉದ್ದನೆಯ ಕಬ್ಬಿಣದ ಚೌಕಟ್ಟು. ಇಂಜಿನ್ನನ್ನು ನೀರೆತ್ತಲೆಂದು ಕುರಕುಂಟಾದ ದಶರಥ ಒಯ್ದ. ಚಾಸಿಯನ್ನು ಅವಳು ಓಣಿಗೇ ಕೊಟ್ಟುಬಿಟ್ಟಳು. ಮಳೆ ಬಂದರೆ ಹಳ್ಳ ದಾಟಲಾಗದೆ ಮಕ್ಕಳ ಶಾಲೆ ತಪ್ಪುತ್ತಿತ್ತು. ವೆಲ್ಡಿಂಗ್ ಮಾಡುವ ನಬೀಸಾಬ್ ಅದನ್ನು ಎರಡು ದಂಡೆಗೆ ಕೂಡಿಸಿ, ಮೇಲೆ ಶಹಾಬಾದಿ ಕಲ್ಲು ಹಾಸಿಕೊಟ್ಟ.

"ಗಾಡಿ ನೋಂದಣಿ ರದ್ದು ಮಾಡಿಸಿಲ್ಲೇನು?" ಎಂದಳು ಶಿವಗಂಗಾ.

"ಗಾಡಿನೇ ಇಲ್ಲಂದಮ್ಯಾಗ ಹೆಸರೆಲ್ಲಿಂದ ಇರ್ತದ ಅಂದ್ಕೊಂಡೆರಿ. ಇದ್ದ ಕಾಗದ ಕಾಗಿಣಾ ಹೊಳಿ ಮನಿಗೆ ನುಗ್ಗಿದಾಗ ಹೋದವು."

ಮರುದಿನ ಚಾಸಿಯ ಮೇಲೆ ಒತ್ತಿರುವ ನಂಬರನ್ನು ದಾಖಲೆಗೆ ಹೋಲಿಸಿ ನೋಡಲು ಶಿವಗಂಗಾ ತಾನೇ ದಂಡೋತಿಗೆ ಬಂದಳು. ಓಣಿಯೆಲ್ಲ ಹಳ್ಳದ ದಂಡೆಯಲ್ಲಿ ನಿಂತಿತ್ತು. ನಬೀಸಾಬ್ ತಲೆ ಕೆರೆದುಕೊಂಡ. "ಚಾಸಿ ನಂಬರ್ ಮುಂದಿನ ತುದಿಗಿ ಇರ್ತದರಿ. ಆ ತುದಿನೇ ನಾ ಕಾಂಕ್ರೀಟಿನಾಗ ಹೂಳೀನಿ."

ಪೀರಮ್ಮ ಆಕಾಶ ನೋಡಿದಳು. ಮೋಡ ಕಟ್ಟಿತ್ತು. ಸೇತುವೆ ಒಡೆದರೆ ಮಳೆಗಾಲದಲ್ಲಿ ಮಕ್ಕಳು ದಾಟುವುದು ಹೇಗೆ? "ಬ್ಯಾಡ್ರಿ ಮೇಡಂ," ಎಂದಳು. "ನನ್ನ ಮ್ಯಾಲಿನ ಕೇಸ್ ಇರಲಿ."

"ಏನ್ ಇರಲಿ?" ಪಕ್ಕದ ಮನೆಯ ಸುಮಂಗಲಾ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ನಾವು ದಾಟಿದ್ದು ನಿನ್ನ ಗಾಡಿ ಮ್ಯಾಲ. ಒಡೀರಿ ನಬೀಸಾಬ್. ಮತ್ತ ಕಟ್ಟೋಣು."

ಹೆಂಗಸರು ಗಂಡಸರು ಕೈ ಹಾಕಿ ಹಾಸುಗಲ್ಲುಗಳನ್ನು ಎತ್ತಿ ಬದಿಗಿಟ್ಟರು. ಬೆಳಕಿಗೆ ಬಿದ್ದ ಚಾಸಿಯನ್ನು ಪೀರಮ್ಮ ಬಗ್ಗಿ ನೋಡಿದಳು. ತುಕ್ಕು ಹಾಳೆಹಾಳೆಯಾಗಿ ಎದ್ದಿತ್ತು. ಇದರಲ್ಲಿ ಅಕ್ಷರ ಉಳಿದೀತೇ? ನಬೀಸಾಬ್ ಸುತ್ತಿಗೆ, ಉಳಿ ಹಿಡಿದು ಕಾಂಕ್ರೀಟನ್ನು ಹಗುರಕ್ಕೆ ಬಿಡಿಸಿದ. ಕೊನೆಯ ತುಂಡು ಕಳಚಿ ಬಿದ್ದಾಗ ಒಳಗಿನ ಕಬ್ಬಿಣಕ್ಕೆ ತುಕ್ಕೇ ಹತ್ತಿರಲಿಲ್ಲ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ಒಂದು ಅಂಕಿ ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು.

ಶಿವಗಂಗಾ ಮೊಬೈಲಿನಲ್ಲಿದ್ದ ದಾಖಲೆ ನೋಡಿ ಒಂದೊಂದೇ ಅಂಕಿ ಓದಿದಳು, ನಬೀಸಾಬ್ ಬೆರಳಿಟ್ಟು ಹೌದು ಹೌದು ಎಂದ. ಕೊನೆಯ ಅಂಕಿಯೂ ಕೂಡಿದಾಗ ಪೀರಮ್ಮ ಕುಕ್ಕರಗಾಲಲ್ಲಿ ಕುಳಿತು ಅದರ ಮೇಲೆ ಕೈಯಾಡಿಸಿದಳು. ಅಷ್ಟು ವರ್ಷ ಓಡಿಸಿದ ಗಾಡಿಯ ಈ ಗುರುತನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಯಾವುದೋ ದೂರದ ಕಾರ್ಖಾನೆಯಲ್ಲಿ ಯಾರೋ ಒತ್ತಿದ ಅಕ್ಷರ. ಇಷ್ಟು ಮಂದಿಯ ಕಾಲ ಕೆಳಗೆ, ಇಷ್ಟು ನೀರಿನ ಮೇಲೆ, ಒಂದೂ ಅಳಿಸದೆ ಕೂತಿತ್ತು.

"ಇಂಜಿನ್ನೂ ಸಿಕ್ಕರ ಛಲೋ," ಎಂದಳು ಶಿವಗಂಗಾ. "ಆ ಇಂಜಿನ್ನಿಗಿ ಬ್ಯಾರೆ ಚಾಸಿ ಹಾಕ್ಕೊಂಡು ಗಾಡಿ ಓಡಿಸ್ಯಾರ ಅಂತ ನಾಳೆ ಯಾರೂ ಅನಬಾರದು."

ಪೊಲೀಸ್ ಗಾಡಿಯಲ್ಲೇ ಕುರಕುಂಟಾಕ್ಕೆ ಹೋದರು. ದಶರಥನ ಹೊಲ ಇನ್ನೂ ದೂರ ಇರುವಾಗಲೇ ಪೀರಮ್ಮ ಡ್ರೈವರನ ಭುಜ ಮುಟ್ಟಿದಳು. "ಜರಾ ನಿಂದರಸ್ರಿ."

ಗಾಡಿ ನಿಂತಿತು. ತೊಗರಿ ಹೊಲಗಳ ಆಚೆಯಿಂದ ಸದ್ದು ಬರುತ್ತಿತ್ತು. ನಡುನಡುವೆ ಒಂದು ಬಡಿತ ನುಂಗಿ ಮತ್ತೆ ಹಿಡಿದುಕೊಳ್ಳುವ ಸದ್ದು. ಅದನ್ನು ಹಾಜಿಮಲಂಗನಿಗೂ ಸರಿಮಾಡಲಾಗಿರಲಿಲ್ಲ. ಪೀರಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

"ಅದೇ ಅದರಿ," ಎಂದಳು.

ಬಾವಿಯ ದಂಡೆಯಲ್ಲಿ, ಬೇವಿನ ನೆರಳಲ್ಲಿ ಇಂಜಿನ್ನು ನಡುಗುತ್ತ ನಿಂತಿತ್ತು. ಉಳ್ಳಾಗಡ್ಡಿಯ ಮಡಿಗಳಿಗೆ ನೀರು ಹರಿಯುತ್ತಿತ್ತು. "ಒಂದಿನಾನೂ ಕೈ ಕೊಟ್ಟಿಲ್ಲ, ಅಕ್ಕಾ," ಎಂದ ದಶರಥ. ಅವನು ಅದನ್ನು ನಿಲ್ಲಿಸಿ ನಂಬರ್ ತೋರಿಸಿದ. ಅದೂ ಕೂಡಿತು. ಶಿವಗಂಗಾ ಫೋಟೋ ತೆಗೆದುಕೊಂಡಳು. ಆಮೇಲೆ ಕೇಳಿದಳು: "ನೀವೇ ಒಂದು ಸಲ ಚಾಲು ಮಾಡ್ತೀರೇನ್ರಿ?"

ಪೀರಮ್ಮ ಮಾಡಿದಳು.

ಸುಳ್ಳು ನಂಬರ್ ಹಾಕಿದ ಜೀಪು ಬೇರೆ ಜಿಲ್ಲೆಯ ಶೆಡ್ಡೊಂದರಲ್ಲಿ ಸಿಕ್ಕಿತು. ಮಾಲೀಕ ತಪ್ಪೊಪ್ಪಿಕೊಂಡ. ನೋಂದಣಿ ರದ್ದಾಗಬೇಕಾದರೆ ನಂಬರ್ ಇರುವ ತುಂಡನ್ನೇ ಕೊಯ್ದು ಆರ್‌ಟಿಓಗೆ ಒಪ್ಪಿಸಬೇಕಿತ್ತು. ನಬೀಸಾಬ್ ಕೊಯ್ದ, ಆ ಜಾಗಕ್ಕೆ ಹೊಸ ಪಟ್ಟಿ ಬೆಸೆದ. ಕಲ್ಲುಗಳನ್ನು ಓಣಿಯವರೇ ಮತ್ತೆ ಹಾಸಿದರು. ಅಂಗೈಯಗಲದ ಆ ಕಬ್ಬಿಣವನ್ನು ಸೀರೆಯ ಸೆರಗಿನಲ್ಲಿ ಸುತ್ತಿ, ಎರಡು ಕೈಯಲ್ಲಿ ಹಿಡಿದುಕೊಂಡು ಪೀರಮ್ಮ ಬಸ್ಸು ಹತ್ತಿದಳು. ಕಂಡಕ್ಟರ್ ಅದೇನೆಂದು ಕೇಳಿದ.

"ಗಾಡಿರಿ," ಎಂದಳು ಅವಳು.