ಗಂಡಸರನ್ನೂ ಒಳಗೆ ಕರೆಯುವ ಚೂಡಾಮಣಿ

ಬೆಂಗಳೂರು ಗಿರಿನಗರದ ಈ ಮಾನಸಿಕ ಆರೋಗ್ಯದ ಕ್ಲಿನಿಕ್ಕಿನ ಮುಂದೆ ಇನ್ನೂ ನಸುಕು. ಚೂಡಾಮಣಿ ಅಂಗಳ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಬಿಡುತ್ತಿದ್ದಾರೆ. ಕೈ ರಂಗೋಲಿಯ ಮೇಲಿದ್ದರೂ ಕಣ್ಣೆಲ್ಲ ಗೇಟಿನ ಕಡೆಗೇ. ಇವತ್ತು ಅವರ ತಮ್ಮ ಮೊದಲ ಸಲ ಡಾಕ್ಟರನ್ನು ಕಾಣಲು ಬರಬೇಕು. ಬರುತ್ತೇನೆಂದು ಹೇಳಿ ಈಗಾಗಲೇ ಎರಡು ಬಾರಿ ಕೈಕೊಟ್ಟಿದ್ದಾನೆ.

"ಬಂದ್ರೆ ಸಾಕು ಸಾರ್. ಮಿಕ್ಕಿದ್ದು ಡಾಕ್ಟರ್ ಮೇಡಂ ನೋಡ್ಕೊತಾರೆ," ಎನ್ನುತ್ತಾರೆ ನನಗೆ.

ಹೊಸಕೆರೆಹಳ್ಳಿಯ ಚೂಡಾಮಣಿ ಇಲ್ಲಿ ಆಯಾ. ಗಂಡ ತೀರಿಕೊಂಡ ಮೇಲೆ ಮನೆಮನೆಯ ಪಾತ್ರೆ ತಿಕ್ಕಿ ಮಗಳನ್ನು ಓದಿಸುತ್ತಿದ್ದವರು, ಬೆನ್ನುನೋವು ಹೆಚ್ಚಾಗಿ ಈ ಕೆಲಸಕ್ಕೆ ಸೇರಿದರು. ಕಸ ಗುಡಿಸುವುದು, ಫೈಲು ತೆಗೆದುಕೊಡುವುದು, ಅಳುತ್ತಾ ಬಂದವರಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂರುವುದು. ದಿನಕ್ಕೆ ಮೂವತ್ತು ಮಂದಿಯಾದರೂ ಬರುತ್ತಾರೆ. ಅವರಲ್ಲಿ ಕೆಲವರದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಮನಸ್ಸಿನ ಕಾಯಿಲೆ. ಬೇಕಾದವರು ಎಲ್ಲಿ ಬಿಟ್ಟುಹೋಗುತ್ತಾರೋ ಎಂಬ ದಿಗಿಲು, ಗಳಿಗೆಗೊಂದು ಮನಸ್ಸು, ಹಿಡಿತಕ್ಕೆ ಸಿಗದ ಸಿಟ್ಟು, ಕೆಲವೊಮ್ಮೆ ತಮ್ಮನ್ನೇ ಗಾಯ ಮಾಡಿಕೊಳ್ಳುವುದು.

ಗಂಡ ಹೆಂಡತಿ ಒಟ್ಟಿಗೆ ಬಂದರೆ ಚೂಡಾಮಣಿಯವರದು ಮೊದಲೆಲ್ಲ ಒಂದೇ ಪದ್ಧತಿ. ಹೆಂಡತಿಯ ಕೈ ಹಿಡಿದು ಒಳಗೆ ಕೂರಿಸುವುದು, ಗಂಡನಿಗೆ "ಹೋಗಿ ಕಾಫಿ ಕುಡ್ಕೊಂಡ್ ಬನ್ನಿ" ಎನ್ನುವುದು. ಕಳೆದ ವರ್ಷ ಬಿಟಿಎಂ ಬಡಾವಣೆಯಿಂದ ಬಂದ ಗದಗದ ಕಡೆಯ ದಂಪತಿಗೂ ಹಾಗೇ ಮಾಡಿದರು. ಒಳಗೆ ಕೂತ ಹೆಂಡತಿ ಗಾಬರಿಯಾಗಿ, "ತೋರ್ಸೋದು ನನಗಲ್ರೀ ಅಕ್ಕಾರ, ಅವ್ರಿಗೆ" ಎಂದರು. ಹೊರಗೆ ನೋಡಿದರೆ ಆಸಾಮಿ ನಾಪತ್ತೆ. ಹಿಂದೊಮ್ಮೆ ಕೈ ಕುಯ್ದುಕೊಂಡಿದ್ದ ಮನುಷ್ಯ. ಚೂಡಾಮಣಿ ಬರಿಗಾಲಲ್ಲೇ ಓಡಿದರು. ಬಸ್ ಸ್ಟಾಪಿನಲ್ಲಿ ಸಿಕ್ಕರು.

"'ನಿಮಗೂ ನಾ ಪೇಷಂಟ್ ಅನಸ್ಲಿಲ್ಲಲ್ರೀ, ಎಲ್ಲಾರ್ಗೂ ನಾ ಬರೇ ಸಿಟ್ಟಿನ ಮನಶ್ಯಾ' ಅಂದ್ರು ಸಾರ್. ತಪ್ಪಾಯ್ತು ಅಣ್ಣ, ಬನ್ನಿ ಅಂತ ಕರ್ಕೊಂಡ್ ಬಂದೆ."

ಇದು ಚೂಡಾಮಣಿ ಒಬ್ಬರ ತಪ್ಪಲ್ಲ ಎನ್ನುತ್ತಾರೆ ಇಲ್ಲಿನ ಡಾಕ್ಟರ್ ಶಾಂತಲಾ. "ಈ ಕಾಯಿಲೆಗೆ ಅಂತ ಆಸ್ಪತ್ರೆಗೆ ಬರೋರಲ್ಲಿ ಹೆಂಗಸ್ರೇ ಜಾಸ್ತಿ. ಆದ್ರೆ ಜನರ ನಡುವೆ ಹೋಗಿ ಮಾಡಿರೋ ಸಮೀಕ್ಷೆಗಳನ್ನ ನೋಡಿದ್ರೆ ಗಂಡಸ್ರು, ಹೆಂಗಸ್ರು ಹೆಚ್ಚುಕಮ್ಮಿ ಸಮ. ನೂರಕ್ಕೆ ಒಬ್ಬರೋ ಇಬ್ಬರೋ. ಗಂಡಸ್ರು ಎಷ್ಟೋ ಸಲ ಕುಡಿತ ಬಿಡಿಸೋ ಕಡೆ ಇರ್ತಾರೆ, ಇಲ್ಲಾ ಪೊಲೀಸ್ ಸ್ಟೇಷನ್‌ನಲ್ಲಿ."

ನಮ್ಮ ಮನೆಗಳ ನ್ಯಾಯ ಗೊತ್ತೇ ಇದೆ. ಹೆಂಗಸು ತಟ್ಟೆ ಎಸೆದರೆ ಕಾಯಿಲೆ, ಗಂಡಸು ಎಸೆದರೆ ಸಿಟ್ಟು. ಬಸ್ ಸ್ಟಾಪಿನ ಆ ದಿನ ಚೂಡಾಮಣಿಗೆ ತಮ್ಮ ನೆನಪಾದ. ಹೆಂಡತಿ ತವರಿಗೆ ಹೋದರೆ ಮೇಲಿಂದ ಮೇಲೆ ಫೋನು, ಎತ್ತದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುವುದು.

"ನಮ್ಮಪ್ಪನ ಥರ ಮುಂಗೋಪಿ ಅಂದ್ಕೊಂಡು ಸುಮ್ನಿದ್ವಿ. ಇಲ್ಲೇ ಕೆಲಸ ಮಾಡ್ಕೊಂಡಿದ್ರೂ ನಂಗೇ ಹೊಳೀಲಿಲ್ಲ. ಅದೇ ಕಾಯಿಲೆನೋ ಅಲ್ವೋ ಮೇಡಂ ಹೇಳ್ಲಿ. ಒಂದ್ಸಲ ತೋರಿಸ್ಲಿ ಅಷ್ಟೇ."

ಈಗ ಯಾರೇ ಬರಲಿ, "ಯಾರಿಗೆ ತೋರಿಸ್ಬೇಕು?" ಎಂದು ಕೇಳಿಯೇ ಕೂರಿಸುತ್ತಾರೆ. ಬರೆಯಲು ಹೋದ ನನ್ನನ್ನೂ ಕೇಳಿದರು. ಪೇಪರಿನವನು ಎಂದರೂ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಕ್ಲಿನಿಕ್ಕು ತುಂಬುವ ಹೊತ್ತಿಗೆ ಗೇಟಿನಲ್ಲಿ ಸ್ಕೂಟರು ನಿಲ್ಲುತ್ತದೆ. ತಮ್ಮ, ಹಿಂದೆ ಅವನ ಹೆಂಡತಿ. ಇಳಿದವನೇ ಹೆಂಡತಿಯನ್ನು ಮುಂದೆ ಬಿಡುತ್ತಾನೆ. "ಇವಳನ್ನ ಕರ್ಕೊಂಡ್ ಹೋಗಕ್ಕ, ಇವಳಿಗೂ ನಿದ್ದೆ ಇಲ್ಲ. ನಾನು ಇಲ್ಲೇ ಇರ್ತೀನಿ."

"ನೀನು ಇಲ್ಲಿ ಕೂತ್ಕೊಳಮ್ಮ," ಎಂದು ಅವಳಿಗೆ ಕುರ್ಚಿ ತೋರಿಸಿ ಚೂಡಾಮಣಿ ತಮ್ಮನ ಕೈ ಹಿಡಿಯುತ್ತಾರೆ. ಅವನು ಬಿಡಿಸಿಕೊಳ್ಳುವುದಿಲ್ಲ.

ಅವನನ್ನು ಡಾಕ್ಟರ ಕೋಣೆಗೆ ಬಿಟ್ಟು ಹೊರಬಂದ ಚೂಡಾಮಣಿಯ ಕಣ್ಣು ತುಂಬಿದೆ, ಮುಖದಲ್ಲಿ ನಗುವಿದೆ. ನೋಡಿದ ನನಗೂ ಮನಸ್ಸು ತಂಪಾಯಿತು.

"ಚಿಕ್ಕೋನಿದ್ದಾಗ ಇವನನ್ನ ಸ್ಕೂಲಿಗೆ ಬಿಡ್ತಿದ್ದೋಳು ನಾನೇ ಸಾರ್," ಎನ್ನುತ್ತಾರೆ. "ನಾನು ಮನೆ ಮುಟ್ಟೋ ಅಷ್ಟ್ರಲ್ಲಿ ಓಡ್ಬಂದು ಬಾಗಿಲಲ್ಲಿ ನಿಂತಿರ್ತಿದ್ದ. ಇವತ್ತು ನೋಡಿ, ಒಳಗೇ ಕೂತಿದಾನೆ."