ಊಟದ ಡಬ್ಬಿಯಡಿಯ ಕೋಳಿಮರಿ

ಆದೋನಿ ಬಸ್ ನಿಲ್ದಾಣದಲ್ಲಿ ಪಾರ್ಸಲ್ ಪೆಟ್ಟಿಗೆ ಬಿಚ್ಚಿದೆ. ಫೋನಿನಲ್ಲಿ ಹೇಳಿ ತರಿಸಿದ್ದ ಒಂದು ದಿನದ ಕೋಳಿಮರಿಗಳು ಬಸ್ಸಿನ ಕುಲುಕಾಟಕ್ಕೆ ಒಂದೇ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅಡಿಯಲ್ಲಿ ಸಿಕ್ಕ ಒಂದು ಮರಿ ಕತ್ತು ಚೆಲ್ಲಿ ಮಲಗಿತ್ತು. ಸತ್ತಿದೆಯೆಂದು ಎತ್ತಿ ನೆಲದ ಮೇಲಿಟ್ಟೆ.

ಪಕ್ಕದಲ್ಲಿ ಚಿಪ್ಪಗಿರಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು, "ತಡಿಯವ್ವಾ, ನಿನ್ನ ಊಟದ ಡಬ್ಬಿ ಕೊಡಿಲ್ಲಿ" ಎಂದರು. ಖಾಲಿ ಸ್ಟೀಲ್ ಡಬ್ಬಿಯನ್ನು ಮರಿಯ ಮೇಲೆ ಬೋರಲು ಹಾಕಿ, ಉಂಗುರ ತೊಟ್ಟ ಬೆರಳಿನಿಂದ ಟಣ್ ಟಣ್ ಎಂದು ಬಡಿಯತೊಡಗಿದರು. ಜನ ಸುತ್ತ ನೆರೆದರು. ನನಗೋ ನಾಚಿಕೆ.

"ಬಿಡಬೇ ಅಜ್ಜಿ, ಅದು ಹೋಗೈತಿ. ನಿನ್ನ ಬಸ್ಸೂ ಹೊಂಟೈತಿ" ಎಂದೆ. ಅಜ್ಜಿ ತಲೆಯೆತ್ತಲಿಲ್ಲ. ಬಸ್ಸು ಹೊರಟೇಹೋಯಿತು. ಬಡಿತ ನಿಲ್ಲಲಿಲ್ಲ.

ಆಗ ಡಬ್ಬಿಯೊಳಗಿಂದ ಚಿಂವ್ ಎಂದು ಸಣ್ಣ ದನಿ ಬಂತು! ಡಬ್ಬಿ ಎತ್ತಿದರೆ ಮರಿ ತೂರಾಡುತ್ತ ಎದ್ದು ನಿಂತಿತ್ತು.

"ಹೋಗಿರ್ಲಿಲ್ಲವ್ವಾ, ಹೊಂಟಿತ್ತು. ಕರದ್ವಿ, ಬಂತು" ಎಂದು ಅಜ್ಜಿ ಸೆರಗು ಕೊಡವಿ, ಮುಂದಿನ ಬಸ್ಸು ಎಷ್ಟೊತ್ತಿಗೆಂದು ಕೇಳಲು ಹೋದರು.

ಆ ಮರಿ ಈಗ ಮೊಟ್ಟೆಯಿಡುವ ಕೋಳಿ. ಅಡುಗೆಮನೆಯಲ್ಲಿ ತಟ್ಟೆ ಸದ್ದಾದರೆ ಉಳಿದವು ಕಾಳಿಗೆಂದು ಓಡಿ ಬರುತ್ತವೆ. ಅದೊಂದು ಮಾತ್ರ ನಿಂತಲ್ಲೇ ಕತ್ತೆತ್ತಿ ಆಲಿಸುತ್ತದೆ.