ಅವ್ವನ ಉಸಿರು, ಮಾವನ ಬಾಟಲಿ

ನಮ್ಮ ಯಲಬುರ್ಗಾ ಕಡೆ ಯಾರಾದರೂ ಸುಸ್ತು ಅಂದರೆ ಸಾಕು, ಸಲೈನ್ ಬಾಟಲಿ ಹಚ್ಚಿಸುತ್ತಾರೆ. ಜ್ವರಕ್ಕೂ ಬಾಟಲಿ, ಕಳೆ ತೆಗೆದು ಮೈ ನೊಂದರೂ ಬಾಟಲಿ. ಹಚ್ಚದ ಡಾಕ್ಟರಿಗೆ ಬುದ್ಧಿಯಿಲ್ಲ, ಹಚ್ಚಿಸದ ಮಗನಿಗೆ ಕರುಳಿಲ್ಲ. ಇದರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ.

ಅವ್ವನ ಹೃದಯ ದೊಡ್ಡದಾಗಿತ್ತು. ಕೊಪ್ಪಳದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತಿಳಿಸಿ ಹೇಳಿದ್ದರು. ಹಿಗ್ಗಿದ ಹೃದಯ ಎಡಗಡೆ ಶ್ವಾಸಕೋಶದ ಜಾಗ ತಿಂದಿದೆ. ಹೃದಯಕ್ಕೆ ಒತ್ತುವ ಶಕ್ತಿ ಸಾಲದೆ ರಕ್ತ ಹಿಂದೆ ನಿಂತು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ತೊಯ್ದ ಶ್ವಾಸಕೋಶ ಬಿಗಿದುಕೊಂಡು, ಸಲೀಸಾಗಿ ಹಿಗ್ಗುವುದಿಲ್ಲ. ಎದೆಯ ಸ್ನಾಯುಗಳೆಲ್ಲ ದುಡಿದರೂ ಸಿಗುವುದು ಗಿಡ್ಡ ಉಸಿರೇ. ಅಂಗಾತ ಮಲಗಿದರಂತೂ ಕಾಲಿನ ನೀರು ಎದೆಗೆ ಬರುತ್ತದೆ, ಹೊಟ್ಟೆ ಮೇಲಕ್ಕೊತ್ತುತ್ತದೆ. ಅದಕ್ಕೇ ಅವ್ವ ಮಡಚಿದ ಗಾದಿಗೆ ಒರಗಿ, ಕೂತೇ ನಿದ್ದೆ ಮಾಡುತ್ತಿದ್ದಳು.

ಅವಳ ಗುಳಿಗೆ ತರಲು ನಾನು ಕೊಪ್ಪಳಕ್ಕೆ ಹೋಗಿ ಬರುವಷ್ಟರಲ್ಲಿ, ಅಳವಂಡಿಯಿಂದ ಬಂದಿದ್ದ ಸೋದರಮಾವ ಗಾದಿ ಬಿಡಿಸಿ ತಂಗಿಯನ್ನು ಅಂಗಾತ ಮಲಗಿಸಿದ್ದ. ಕಿಟಕಿಯ ಸರಳಿಗೆ ಬಾಟಲಿ ಜೋತಾಡುತ್ತಿತ್ತು. ಅವ್ವನ ತುಟಿ ನೀಲಿಗಟ್ಟಿತ್ತು. ಎದೆಯಲ್ಲಿ ಗೊರಗೊರ ಸದ್ದು.

“ಮಾವಾ, ಇದನ್ನ ಯಾರು ಹಚ್ಚಂದ್ರು?” ಎಂದೆ.

“ಕಂಪೌಂಡರ್‌ನ ಕರಸಿ ನಾನ ಹಚ್ಚಿಸೇನಿ. ಹೆಂಗ ಸೊರಗ್ಯಾಳ ನೋಡು. ನೀ ಕುಂದರಿಸಿ ಕುಂದರಿಸಿ ಕೊಲ್ಲಾಕತ್ತಿ. ಮಲಕ್ಕೊಂಡ್ರಲ್ಲ ಆರಾಮ ಆಗೂದು?”

“ಮದ್ಲ ಎದ್ಯಾಗ ನೀರು ತುಂಬೇತ್ರಿ, ಮ್ಯಾಲ ಇದನ್ನೂ ಸುರದೀರಿ! ಮನ್ಯಾಗ ಮಲಗಿಸಿ ಮುಳುಗಸಾಕತ್ತೀರಿ ಆಕಿನ್ನ!”

“ಹಿರೇರ ಮುಂದ ದನಿ ಎತ್ತಬ್ಯಾಡ. ಅರ್ಧ ಉಳದೈತಿ, ಮುಗೀಲಿ.”

ನಾನು ನಳಿಕೆ ಬಂದ್ ಮಾಡಿ, ಅವ್ವನನ್ನು ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಇಳಿಬಿಟ್ಟೆ. ನೆರೆಮನೆಯವರ ಗಾಡಿಯಲ್ಲಿ ಕೊಪ್ಪಳದವರೆಗೆ ಅವಳ ಬೆನ್ನಿಗೆ ಎದೆಯಾನಿಸಿ ಕೂತೆ. ಒಂದೊಂದು ಉಸಿರಿಗೂ ಅವಳ ಪಕ್ಕೆಲುಬುಗಳು ನನ್ನ ಅಂಗೈಯಲ್ಲಿ ಒದ್ದಾಡಿದವು. ಮುಂದಿನ ಸೀಟಿನಿಂದ ಮಾವ, “ಪೂರ್ತಿ ಹೋಗಿದ್ರ ಇಷ್ಟಾಗ್ತಿದ್ದಿಲ್ಲ” ಎನ್ನುತ್ತಲೇ ಇದ್ದ. ಅವನನ್ನು ಅಲ್ಲೇ ಇಳಿಸಿಬಿಡಬೇಕೆನಿಸಿತು.

ದವಾಖಾನೆಯಲ್ಲಿ ಆಕ್ಸಿಜನ್ ಹಾಕಿ, ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟು ನೀರಿಳಿಸಿದರು. ಅವ್ವ ಉಳಿದಳು. ಡಾಕ್ಟರು ಮಾವನನ್ನು ನಿಲ್ಲಿಸಿ ಬೈದರು. ಆತ ತಲೆಯಾಡಿಸಿ ಕೇಳಿಸಿಕೊಂಡ. ಮರುದಿನ ನೋಡಲು ಬಂದ ಬೀಗರಿಗೆ ಅದೇ ಮಾವ ಹೇಳಿದ:

“ನಾ ಅರ್ಧ ಬಾಟ್ಲಿ ಏರಿಸಿದ್ದಕ್ಕ ಇಲ್ಲೀತನಕ ಜೀವ ಹಿಡದ್ಲು ನೋಡ್ರಿ.”

ಅವ್ವನಾದರೂ ನಾಲ್ಕು ಮಾತು ಅಂದಾಳು ಎಂದು ಅವಳತ್ತ ನೋಡಿದೆ. ದಿಂಬಿಗೊರಗಿದ್ದ ಅವಳು ಮಾವನ ಕೈ ಹಿಡಿದು ಮೆಲ್ಲಗೆ ಅಂದಳು:

“ಅಣ್ಣಾ, ಮನಿಗೆ ಹೋದಮ್ಯಾಲ ಆ ಉಳದ ಅರ್ಧಾನೂ ಹಚ್ಚಿಸಿಬಿಡು.”